ನಿಂತಾಗ ತಪ್ಪುವ ಎದೆಬಡಿತ

ಯಾದಗಿರಿ ಸ್ಟೇಷನ್ ಮುಂದಿನ ಟಾಂಗಾ ಅಡ್ಡೆಯಲ್ಲಿ ಮರಿಲಿಂಗಪ್ಪನ ಕೈಗೆ ಎದುರು ಮಾತಿರಲಿಲ್ಲ. ಯಾರಾದರೂ ಹೊಸ ಕುದುರೆ ತಂದರೆ ಹಲ್ಲು ನೋಡಲು ನಾಲ್ಕು ಮಂದಿ ಸಿಗುತ್ತಿದ್ದರು, ಗೊರಸು ಎತ್ತಿ ನೋಡಲು ಎಂಟು ಮಂದಿ. ಎದೆ ನೋಡುವವನು ಮಾತ್ರ ಅವನೊಬ್ಬನೇ. ಹೊತ್ತು ಮೂಡುವ ಮೊದಲು, ಕುದುರೆ ಇನ್ನೂ ನೀರು ಕುಡಿಯದೆ ಗೂಟದಲ್ಲಿ ಸುಮ್ಮನೆ ನಿಂತಿರುವಾಗ ಹೋಗುತ್ತಿದ್ದ. ಮುಂದಿನ ಎಡಗಾಲಿನ ಹಿಂಬದಿಗೆ, ಪಕ್ಕೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಸುತ್ತ ನಿಂತವರು ಬೀಡಿಯನ್ನೂ ಎಳೆಯುತ್ತಿರಲಿಲ್ಲ. ಬಡಿತ ಒಂದೇ ಸಮನೆ ಬಂದರೆ ಕೈ ತೆಗೆದು ಕುದುರೆಯ ಬೆನ್ನು ತಟ್ಟುತ್ತಿದ್ದ. ನಡುವೆ ತಪ್ಪಿದರೆ ತಟ್ಟುತ್ತಿರಲಿಲ್ಲ. ಅಷ್ಟೇ. ಅದರ ಮೇಲೆ ಯಾರೂ ಆ ಕುದುರೆಯನ್ನು ಟಾಂಗಾಕ್ಕೆ ಕಟ್ಟುತ್ತಿರಲಿಲ್ಲ.

"ಕಾಕಾ, ನಿನ್ನ ಕೈಯಾಗ ಏನ್ ತಾರ್ ಆಫೀಸ್ ಅದ ಏನೋ? ಕುದುರಿ ಒಳಗಿನ ಸುದ್ದಿ ಎಲ್ಲ ಬಂದು ಬೀಳ್ತದ," ಎಂದು ಸಿಕಂದರ ಚೇಷ್ಟೆ ಮಾಡುತ್ತಿದ್ದ. ಸಿಕಂದರ ಅಡ್ಡೆಯಲ್ಲಿ ಎಲ್ಲರಿಗಿಂತ ಚಿಕ್ಕವನು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು.

"ತಾರ್ ಅಲ್ಲೋ, ಬಡಿಗಿ ಏಟಿನಿಂದ ಕಲತದ್ದು," ಎನ್ನುತ್ತಿದ್ದ ಮರಿಲಿಂಗಪ್ಪ.

ಅದು ನಿಜವೇ. ಅವನ ಸೋದರಮಾವ ಈಶಪ್ಪ ಸುರಪುರದ ಆಚೆ ಒಬ್ಬ ಜಾಗೀರದಾರರ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿದ್ದ. ಒಂದು ಮುಂಜಾನೆ ಜಾಗೀರದಾರರ ತಮ್ಮ ಬೇಟೆಗೆ ಹೊರಟರು. ಗುಡ್ಡದ ಇಳಿಜಾರಿನಲ್ಲಿ ಓಡುತ್ತಿದ್ದ ಕುದುರೆ ಹಾಗೆಯೇ ಸತ್ತು ಬಿತ್ತು. ಮೇಲಿದ್ದವರ ಬೆನ್ನು ಮುರಿದು ಮಂಚ ಹಿಡಿದರು, ಮತ್ತೆ ಏಳಲಿಲ್ಲ. ಆ ದಿನ ಜೀನು ಬಿಗಿಯುವಾಗ ಕುದುರೆಯ ಎದೆ ಒಂದೆರಡು ಸಲ ತಪ್ಪಿದ್ದು ಈಶಪ್ಪನ ಕೈಗೆ ತಾಗಿತ್ತಂತೆ. ಬಾಯಿ ತಪ್ಪಿ ಅದನ್ನು ಯಾರ ಮುಂದೆಯೋ ಅಂದುಬಿಟ್ಟ. ಗೊತ್ತಿದ್ದೂ ಹೇಳಲಿಲ್ಲವೆಂದು ಅವನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಹೊಡೆಸಿಕೊಂಡು ಬಂದವನು ಲಾಯಕ್ಕೆ ಒಂದು ಕಟ್ಟಳೆ ಮಾಡಿದ: ಬೆಳಿಗ್ಗೆ ತಣ್ಣಗೆ ನಿಂತಾಗ ಎದೆ ತಪ್ಪುವ ಕುದುರೆಗೆ ಜೀನು ಹಾಕಕೂಡದು.

ಮರಿಲಿಂಗಪ್ಪ ಮಾವನ ಹಿಂದೆಯೇ ಬೆಳೆದು ಆ ಕಟ್ಟಳೆಯನ್ನೂ ಕೈಯನ್ನೂ ಪಡೆದುಕೊಂಡ. ಅವನ ಜಾತಿಯವರು ಜಾಗೀರದಾರರ ವಾಡೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಆದರೆ ಅದೇ ಜಾಗೀರದಾರರು, ಮರಿಲಿಂಗಪ್ಪ ಕುದುರೆಯ ಎದೆಯಿಂದ ಕೈ ತೆಗೆದು ಬೆನ್ನು ತಟ್ಟುವವರೆಗೂ ರಿಕಾಪಿನಲ್ಲಿ ಕಾಲಿಡದೆ ಅಂಗಳದಲ್ಲಿ ಕಾಯುತ್ತ ನಿಲ್ಲುತ್ತಿದ್ದರು. ಮನುಷ್ಯನಿಗೆ ಇಂಥ ಒಂದು ಗಳಿಗೆ ದಿನಾ ಸಿಕ್ಕರೆ ಸಾಕು, ಉಳಿದ ದಿನವೆಲ್ಲ ಬೈಸಿಕೊಂಡು ಬದುಕಬಹುದು. ಅವನೂ ಹಾಗೆಯೇ ಬದುಕಿದ. ಎದೆ ತಪ್ಪಿದ ಕುದುರೆಗಳು ಲಾಯದಿಂದ ಹೊರಗೆ ಹೋದವು. ಎಲ್ಲಿಗೆ ಹೋದವು ಎಂದು ಅವನು ಕೇಳಲಿಲ್ಲ, ಅದು ಅವನ ಕೆಲಸವಾಗಿರಲಿಲ್ಲ.

ಮುಷ್ಕಿ ಹುಟ್ಟಿದ್ದು ಅದೇ ಲಾಯದಲ್ಲಿ. ಕರೀ ಮೈಯ ಹೆಣ್ಣು ಮರಿ; ಕರೀ ಕುದುರೆಗೆ ಉರ್ದುವಿನಲ್ಲಿ ಮುಷ್ಕಿ ಅನ್ನುತ್ತಾರೆ, ಅದಕ್ಕೇ ಆ ಹೆಸರು. ಹೆತ್ತ ತಾಯಿ ಎದ್ದು ನಿಲ್ಲಲೇ ಇಲ್ಲ. ಮರಿಲಿಂಗಪ್ಪನ ಹೆಂಡತಿ ಲಾಲಮ್ಮ ಆಡಿನ ಹಾಲಿಗೆ ಬಿಸಿನೀರು ಬೆರೆಸಿ, ತನ್ನ ಬೆರಳು ಚೀಪಿಸಿ, ಬಟ್ಟಲಿನಿಂದ ಕುಡಿಸಿ ಬದುಕಿಸಿದಳು. ಅವರಿಗೆ ಮಕ್ಕಳಿರಲಿಲ್ಲ. ಈ ಮಾತನ್ನು ಯಾರೂ ಆಡಿ ತೋರಿಸಬೇಕಾಗಿರಲಿಲ್ಲ. ಲಾಲಮ್ಮ ಬಾವಿಗೆ ಹೊರಟರೆ ಹಿಂದೆ ಟಕಟಕ ಎಂದು ಬರುತ್ತಿದ್ದ ಸಪ್ಪಳವೇ ಎಲ್ಲ ಹೇಳುತ್ತಿತ್ತು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ಹೈದರಾಬಾದು ಹಿಂದೂಸ್ತಾನದಲ್ಲಿ ಸೇರಿತು. ಮರುವರ್ಷ ಜಾಗೀರುಗಳೂ ಹೋದವು. ಜಾಗೀರದಾರರು ಹೈದರಾಬಾದಿನ ಮನೆಗೆ ಗಂಟು ಕಟ್ಟಿದರು. ಹೋಗುವಾಗ ಲಾಯದ ಆಳುಗಳಿಗೆ ಸಂಬಳದ ಬದಲು ಒಂದೊಂದು ಪ್ರಾಣಿ ಹಿಡಿದುಕೊಂಡು ಹೋಗಲು ಹೇಳಿದರು. ಮರಿಲಿಂಗಪ್ಪ ಬೇರೆ ಕುದುರೆಗಳ ಕಡೆ ಕಣ್ಣೆತ್ತಿಯೂ ನೋಡದೆ ಮುಷ್ಕಿಯ ಹಗ್ಗ ಬಿಚ್ಚಿದ. ಗಂಡ, ಹೆಂಡತಿ, ಕುದುರೆ ಮೂವರೂ ಯಾದಗಿರಿಗೆ ಬಂದರು. ಹಳೆಯ ಟಾಂಗಾ ಒಂದು ಸಿಕ್ಕಿತು. ಮುಷ್ಕಿ ಮೂರೇ ವಾರದಲ್ಲಿ ನೊಗ ಕಲಿತಳು. ಸ್ಟೇಷನ್ನಿಂದ ಕೋಟೆಯ ಬುಡದವರೆಗೆ ಹೊರಟರೆ ಉಳಿದ ಟಾಂಗಾಗಳು ದೂಳು ನೋಡಬೇಕು, ಅಷ್ಟೇ. ಬೋರ್ಡುಗಳಲ್ಲಿ ಉರ್ದು ಅಳಿಸಿ ಕನ್ನಡ ಬರೆಯುತ್ತಿದ್ದ ಕಾಲ. ಕಚೇರಿ ಎಲ್ಲಿ, ತಹಸೀಲು ಎಲ್ಲಿ ಎಂದು ತಿಳಿಯದ ಹೊಸ ನೌಕರರು ರೈಲು ಇಳಿದು ಬರುತ್ತಿದ್ದರು. ಅವರಿಗೆಲ್ಲ ಊರು ತೋರಿಸಿದವಳು ಮುಷ್ಕಿ.

ಅದೇ ಸಮಯದಲ್ಲಿ ಸಿಕಂದರನ ಕುದುರೆ ಶೇರಾನ ಎದೆ ತಪ್ಪಿತು. ಕೆಂಚು ಬಣ್ಣದ ಗಂಡು. ಮರಿಲಿಂಗಪ್ಪ ಕೈಯಿಟ್ಟ, ಬೆನ್ನು ತಟ್ಟಲಿಲ್ಲ.

"ಕಾಕಾ, ಇನ್ನೊಮ್ಮೆ ನೋಡಲ್ಲ," ಅಂದ ಸಿಕಂದರ. ಚೇಷ್ಟೆಯ ಬಾಯಿ ಒಣಗಿತ್ತು.

"ನೋಡೀನಿ. ಹಾದ್ಯಾಗ ಬಿದ್ದು ಸತ್ರ ಟಾಂಗಾದಾಗಿನ ಮಂದಿ ಗತಿ ಏನು? ಹೆಣ್ಣುಮಕ್ಕಳು, ಕೂಸುಗಳು ಕೂಡ್ತಾರ. ಟಾಂಗಾದಿಂದ ಇಳಸು."

ಸಿಕಂದರ ಇಳಿಸಿದ. ಶೇರಾನನ್ನು ಸಂತೆಯಲ್ಲಿ ಯಾರೋ ಪರವೂರಿನವರು ಹಿಡಿದುಕೊಂಡು ಹೋದರು. ಸಿಕಂದರ ಒಂದು ವರ್ಷ ಬೇರೆಯವರ ಟಾಂಗಾದಲ್ಲಿ ಕೂಲಿ ದುಡಿದು ಇನ್ನೊಂದು ಕುದುರೆ ಮಾಡಿಕೊಂಡ. ಬೇಸರವನ್ನು ಬಾಯಲ್ಲಿ ಆಡಲಿಲ್ಲ. ಕೈ ಹೇಳಿದ ಮೇಲೆ ಮುಗಿಯಿತು.

ಇದಾದ ಮೇಲೆ, ಒಂದು ಚಳಿಗಾಲದ ಬೆಳಗಿನ ಜಾವ, ಮುಷ್ಕಿಯ ಮೈ ಒರೆಸುತ್ತಿದ್ದ ಮರಿಲಿಂಗಪ್ಪನ ಅಂಗೈ ಅವಳ ಪಕ್ಕೆಯ ಮೇಲೆ ತಾನಾಗಿಯೇ ನಿಂತಿತು. ಬಡಿತ, ಬಡಿತ, ಬಡಿತ. ಆಮೇಲೆ ಏನೂ ಇಲ್ಲ. ಬಾವಿಗೆ ಕಲ್ಲು ಎಸೆದು ಸಪ್ಪಳಕ್ಕೆ ಕಾದ ಹಾಗೆ ಕಾದ. ಆಮೇಲೆ ದಪ್ಪನೆ ಒಂದು ಬಡಿತ ಬಂತು.

ಮರುದಿನ ನೋಡಿದ. ಅದರ ಮರುದಿನವೂ ನೋಡಿದ. ಪ್ರತಿ ಸಲವೂ ತಪ್ಪಿತು.

ಲಾಲಮ್ಮನಿಗೆ ಅವನ ಮುಖದಲ್ಲೇ ಗೊತ್ತಾಯಿತು. "ಏನಾತ್ರಿ?"

"ಎದಿ ತಪ್ಪಾಕತ್ತದ."

"ಯಾರಿಗೆ, ನಿಮಗೋ ಅವಳಿಗೋ?"

ಅವನು ನಗಲಿಲ್ಲ. ಲಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಷ್ಕಿಯ ಮುಂದೆ ಬಂದು ನಿಂತಳು. "ನಿನ್ನೆ ನಾಕು ಮಂದಿ, ಎರಡು ಟ್ರಂಕು ಎಳಕೊಂಡು ಕೋಟಿ ತನಕ ಓಡ್ಯಾಳ. ದಣದಾಳೇನು? ಬಾಯಾಗ ನೊರಿ ಬಂದದೇನು? ಮನಶಾ ಮಲಗಿದಾಗ ಉಸಿರು ಸಾವಕಾಶ ಆಗಂಗಿಲ್ಲೇನ್ರಿ? ಹಂಗೇ ಇರಬೇಕು ಇದು."

"ಉಸಿರು ಬ್ಯಾರೆ, ಎದಿ ಬ್ಯಾರೆ. ನಿನಗ ತಿಳಿಯಂಗಿಲ್ಲ, ಸುಮ್ನಿರು."

"ನನಗ ತಿಳಿಯಂಗಿಲ್ಲ ಬಿಡ್ರಿ. ಆಡಿನ ಹಾಲು ಕುಡಸಾಕ ಅಷ್ಟ ತಿಳೀತಿತ್ತು."

"ಸಿಕಂದರನ ಕುದುರಿ ಇಳಿಸಿದವ ನಾನು, ಲಾಲಮ್ಮ. ಅವಂಗೊಂದು ನ್ಯಾಯ, ನನಗೊಂದು ನ್ಯಾಯ ಮಾಡ್ಲೇನು? ನಾಳಿ ಅಡ್ಡೇದಾಗ ಯಾವ ಮಾರಿ ತೋರಸ್ಲಿ?"

ಮುಷ್ಕಿಯನ್ನು ಒಂದು ಸಲ ಓಡಿಸಿ, ಬಿಸಿ ಮೈಯಲ್ಲಿ ಕೈಯಿಟ್ಟು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಲಾಯದಲ್ಲಿ ಎದೆ ನೋಡುತ್ತಿದ್ದದ್ದು ಜಾಗೀರದಾರರು ಹತ್ತುವ ಮೊದಲು. ಇಳಿದ ಮೇಲೆ ಕುದುರೆಯ ಎದೆ ಯಾರಿಗೆ ಬೇಕಾಗಿತ್ತು? ಓಡಿ ಬಂದ ಕುದುರೆಗೆ ಬೆವರು ಒರೆಸಿ, ಅಡ್ಡಾಡಿಸಿ, ಕಟ್ಟಿದರೆ ಕೆಲಸ ಮುಗಿಯಿತು. ಈಶಪ್ಪನೂ ಹಾಗೆಯೇ ಮಾಡಿದ್ದ, ಅವನ ಕೈಹಿಡಿದು ಕಲಿತ ಮರಿಲಿಂಗಪ್ಪನೂ ಹಾಗೆಯೇ ಮಾಡಿದ. ಇಷ್ಟು ವರ್ಷ ಕುದುರೆಗಳ ಎದೆ ನೋಡಿದವನು ಒಂದೇ ಒಂದು ಬಿಸಿ ಎದೆಯನ್ನು ಮುಟ್ಟಿರಲಿಲ್ಲ.

ಶಹಾಪುರದಲ್ಲಿ ಸರ್ಕಾರಿ ಕಟ್ಟಡಗಳು ಏಳುತ್ತಿದ್ದವು. ಅಲ್ಲಿಯ ಗುತ್ತೇದಾರ ಮಲ್ಕಪ್ಪನಿಗೆ ಗಚ್ಚಿನ ಗಾಣ ತಿರುಗಿಸಲು ಪ್ರಾಣಿ ಬೇಕಾಗಿತ್ತು. ನೆಲದಲ್ಲಿ ದುಂಡಗೆ ತೋಡಿದ ಕಾಲುವೆ, ಅದರಲ್ಲಿ ಸುಣ್ಣ ಮತ್ತು ಉಸುಕು, ಅದರ ಮೇಲೆ ಉರುಳುವ ಕಲ್ಲಿನ ಗಾಲಿ, ಅದನ್ನು ಎಳೆಯುತ್ತ ಸುತ್ತುವ ಎತ್ತು. ಆ ಎತ್ತಿನ ಜಾಗಕ್ಕೆ ಮರಿಲಿಂಗಪ್ಪ ಮುಷ್ಕಿಯನ್ನು ಕೊಟ್ಟ. ಸಾವಕಾಶದ ನಡಿಗೆ, ಮೇಲೆ ಕೂರುವವರಿಲ್ಲ, ಸತ್ತರೂ ಯಾರಿಗೂ ಪೆಟ್ಟಾಗುವುದಿಲ್ಲ. ಅವನ ಲೆಕ್ಕದಲ್ಲಿ ಅದು ದಯೆಯೇ ಆಗಿತ್ತು.

"ಓಡಿಸಬ್ಯಾಡ. ಎದಿ ಬರೋಬ್ಬರಿ ಇಲ್ಲ ಇದಕ್ಕ," ಎಂದು ಹೇಳಿ ಹಗ್ಗ ಕೈಗಿಟ್ಟ.

"ಗಾಣದಾಗ ಎಲ್ಲಿ ಓಡ್ತದಪ್ಪ? ಸುತ್ತತದ, ಅಷ್ಟ," ಅಂದ ಮಲ್ಕಪ್ಪ.

ಆಮೇಲೆ ಮರಿಲಿಂಗಪ್ಪ ಒಂದು ಬಡಕಲು ಕುದುರೆ ಕಟ್ಟಿಕೊಂಡು ಟಾಂಗಾ ನಡೆಸಿದ. ಶಹಾಪುರದ ಬಾಡಿಗೆ ಬಂದರೆ ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ. ಲಾಲಮ್ಮ ಆ ಕುದುರೆಗೆ ನೀರು ಇಡುತ್ತಿದ್ದಳು, ಹೆಸರು ಇಡಲಿಲ್ಲ.

ಎರಡು ವರ್ಷ ಕಳೆದವು. ರಾಜ್ಯಗಳನ್ನು ಭಾಷೆ ಪ್ರಕಾರ ಒಡೆದು ಹೊಸದಾಗಿ ಕೂಡಿಸುತ್ತಾರೆಂಬ ಸುದ್ದಿ ಊರೆಲ್ಲ ಓಡಾಡುತ್ತಿತ್ತು. ಆ ಚಳಿಗಾಲದಲ್ಲಿ ಹೈದರಾಬಾದಿನ ದನದ ದವಾಖಾನೆಯಿಂದ ಭಗವಂತರಾಯ ಎಂಬ ಡಾಕ್ಟರು ಜೀಪಿನಲ್ಲಿ ಯಾದಗಿರಿಗೆ ಬಂದರು. ಮೂಲ ಶಹಾಪುರ ಕಡೆಯವರೇ, ಮಾತೆಲ್ಲ ಇಲ್ಲಿಯದೇ. ಜೀಪಿನ ಹಿಂದೆ ಕಂಬಳಿ ಸುತ್ತಿದ ಒಂದು ಕಟ್ಟಿಗೆಯ ಪೆಟ್ಟಿಗೆ. ಕುದುರೆಗಳ ಎದೆಯಲ್ಲಿ ಹುಟ್ಟುವ ಕರೆಂಟನ್ನು ಅದು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದಂತೆ.

"ಕರೆಂಟ್ ಅಂದ್ರ? ಕುದುರಿ ಮುಟ್ಟಿದ್ರ ಜುಂ ಅಂತದೇನ್ರಿ?" ಎಂದು ಸಿಕಂದರ ಕೇಳಿದ.

"ನಿನ್ನೊಳಗೂ ಅದ ಅದು. ನಿನ್ನ ಹೇಣತಿ ನಿನ್ನ ಮುಟ್ಟಿದ್ರ ಜುಂ ಅಂತಾಳೇನು?" ಅಂದರು ಡಾಕ್ಟರು. ಅಡ್ಡೆ ಬಿದ್ದು ಬಿದ್ದು ನಕ್ಕಿತು. ಆ ಒಂದು ಮಾತಿಗೆ ಟಾಂಗಾದವರೆಲ್ಲ ತಮ್ಮ ಕುದುರೆ ಬಿಚ್ಚಿಕೊಂಡು ಅವರ ಹಿಂದೆ ಹೊರಟರು.

ಊರ ಹೊರಗಿನ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದರು, ಅಲ್ಲಿ ಕರೆಂಟ್ ಇತ್ತು. ಒಣ ಗೋಣಿಚೀಲ ಹಾಸಿ ಅದರ ಮೇಲೆ ಕುದುರೆ ನಿಲ್ಲಿಸಬೇಕು. ಕಾಲಿನ ಕೂದಲು ಕತ್ತರಿಸಿ, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ, ಅದರ ಮೇಲೆ ತಂತಿಯ ಚಿಮಟಗಳನ್ನು ಹಚ್ಚಬೇಕು. ಕಾಲಿಗೆ ಹಚ್ಚಿ ಒಂದು ಗೆರೆ, ಎದೆಯ ಎಡಕ್ಕೆ ಹಚ್ಚಿ ಒಂದು ಗೆರೆ, ಕುತ್ತಿಗೆಯ ಬುಡಕ್ಕೆ ಹಚ್ಚಿ ಇನ್ನೊಂದು. ಪಟವಾರಿ ನಾಲ್ಕೂ ಬದುವಿನಿಂದ ಹೊಲ ಅಳೆದು ನಕ್ಷೆ ಬರೆದ ಹಾಗೆ ಅವರು ಎದೆಯನ್ನು ಸುತ್ತಲಿಂದ ಅಳೆಯುತ್ತಿದ್ದರು. ನೊಣ ಕೂತು ಕುದುರೆ ಚರ್ಮ ಅದುರಿಸಿದರೂ ಗೆರೆ ಕೆಡುತ್ತಿತ್ತು. ಅದಕ್ಕೆ ಒಬ್ಬ ಬೇವಿನ ಸೊಪ್ಪು ಹಿಡಿದು ಬೀಸುತ್ತ ನಿಲ್ಲಬೇಕಾಯಿತು. ಮೊದಲ ಕಾಗದವೆಲ್ಲ ಮುಳ್ಳುಬೇಲಿಯಂತೆ ಬಂತು.

"ಇದು ಕುದುರಿ ಎದಿ ಅಲ್ಲ, ನಿಮ್ಮ ಜಿನ್ನಿನ ಎದಿ," ಎಂದು ಡಾಕ್ಟರು ಜಿನ್ನಿನ ತಂತಿ ಕಿತ್ತು ಜೀಪಿನ ಬ್ಯಾಟರಿಗೆ ಜೋಡಿಸಿದರು. ಆಗ ಗೆರೆ ತಿಳಿಯಾಯಿತು.

ಮರಿಲಿಂಗಪ್ಪ ದೂರದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ, ಆಸೆ ಇತ್ತು. ಒಳಗಿನದನ್ನು ಕಾಣುವ ಪೆಟ್ಟಿಗೆಗೆ ಅದನ್ನು ನೆಟ್ಟಗೆ ಮಾಡುವುದೂ ಗೊತ್ತಿರಬೇಕಲ್ಲ?

"ಎದಿ ತಪ್ಪೋ ಕುದುರಿ ಇದ್ರ ತೋರಸ್ರಪಾ. ಅಂಥವೇ ಬೇಕು ನನಗ," ಅಂದರು ಡಾಕ್ಟರು.

ಎಲ್ಲರೂ ಮರಿಲಿಂಗಪ್ಪನ ಕಡೆ ತಿರುಗಿದರು. ಅವನು ಎದ್ದು ಬಂದ. "ಒಂದಿತ್ರಿ ಸಾಹೇಬ್ರ. ಶಹಾಪುರದಾಗ ಗಚ್ಚಿನ ಗಾಣಕ್ಕ ಅದ. ಬದುಕಿದ್ರ ಅದ. ನೀವು ನೋಡಿದ್ರ ಅದಕ್ಕೇನರ ಔಷಧ ಸಿಗ್ತದೇನ್ರಿ? ಮತ್ತ ಮನಿಗಿ ತರಬಹುದೇನ್ರಿ?"

"ನೋಡಿದ ಮ್ಯಾಲೆ ಹೇಳ್ತೀನಿ. ಕೂಡು ಜೀಪಿನ್ಯಾಗ."

ಹೊರಡುವ ಮೊದಲು ಅವನು ಮನೆಗೆ ಓಡಿ ಲಾಲಮ್ಮನಿಗೆ ಹೇಳಿ ಬಂದ. ಅವಳು ಒಂದು ಗಂಟು ನೆನೆಸಿದ ಹುರುಳಿ ಕೈಯಲ್ಲಿಟ್ಟಳು.

ಗಾಣದ ಹತ್ತಿರ ಜೀಪು ನಿಂತಾಗ ಮರಿಲಿಂಗಪ್ಪನಿಗೆ ಮೊದಲು ಕುದುರೆ ಕಾಣಲಿಲ್ಲ. ಬಿಳಿ ದೂಳಿನಲ್ಲಿ ಬಿಳಿಯದೇ ಒಂದು ಪ್ರಾಣಿ, ಕಣ್ಣಿಗೆ ಚಿಂದಿ ಕಟ್ಟಿಸಿಕೊಂಡು ಸುತ್ತುತ್ತಿತ್ತು. ಕುತ್ತಿಗೆ ಎಡಕ್ಕೆ ವಾಲಿತ್ತು. ನಾಲ್ಕೂ ಗೊರಸು ಸುಣ್ಣ ತಿಂದು ಒಡೆದು, ಹಳೆಯ ಕೊರಡಿನ ತುದಿಯಂತೆ ಸೀಳಿದ್ದವು. ಕೂದಲುದುರಿದ ಮೊಣಕಾಲಿನಲ್ಲಿ ಗಂಟು. ಕರಿಯ ಬಣ್ಣ ಉಳಿದಿದ್ದದ್ದು ಕಿವಿಯ ಒಳಗೆ ಮಾತ್ರ.

"ಮುಷ್ಕಿ," ಅಂದ. ಕುದುರೆ ನಿಲ್ಲಲಿಲ್ಲ. ಗಾಣದ ಆಳು ಹಗ್ಗ ಜಗ್ಗಿದ ಮೇಲೆ ನಿಂತಿತು.

ಮಲ್ಕಪ್ಪ ಎಲೆ ಅಡಿಕೆ ಉಗುಳಿ ಎದ್ದು ಬಂದ. "ಬಾರಪ್ಪ ಮರಿಲಿಂಗ. ಸಾಯೋ ಕುದುರಿ ಅಂತ ಕೊಟ್ಟು ಹೋದಿ. ಇದರ ಜೋಡಿ ಇದ್ದ ಎರಡು ಎತ್ತು ಸತ್ತುಹೋದ್ವು, ಇದು ಸಾಯ್ಲೇ ಇಲ್ಲ! ಒಂದು ದಿನ ಸುಸ್ತಾಗಿ ಬಿದ್ದಿಲ್ಲ ನೋಡು, ಖರೇ."

ಮರಿಲಿಂಗಪ್ಪ ಚಿಂದಿ ಬಿಚ್ಚಿದ. ಕಣ್ಣುಗಳಲ್ಲಿ ಪೊರೆ ಬಂದಿತ್ತು. ಹುರುಳಿ ಹಿಡಿದ ಅಂಗೈಯನ್ನು ಮೂತಿಗೆ ತಂದ. ಮುಷ್ಕಿ ಮೂಸಿದಳು, ಸುಣ್ಣವೇ ಇರಬಹುದೆಂದು ಮುಖ ತಿರುಗಿಸಿದಳು. ಆಮೇಲೆ ಮತ್ತೆ ಮೂಸಿ ತಿಂದಳು.

ಅವಳು ದಣಿವಾರಿಸಿಕೊಳ್ಳಲೆಂದು ಡಾಕ್ಟರು ಬಹಳ ಹೊತ್ತು ಕಾದರು. ಆಮೇಲೆ ಗೋಣಿ ಹಾಸಿ, ಉಪ್ಪುನೀರಿನ ಬಟ್ಟೆ ಸುತ್ತಿ, ತಂತಿ ಹಚ್ಚಿದರು. ಕಾಗದ ಹೊರಳತೊಡಗಿತು.

"ಮರಿಲಿಂಗಪ್ಪ, ನೀನೂ ಕೈಯಿಡು. ತಪ್ಪಿದಾಗ ಹೇಳು."

ಅವನು ಕಣ್ಣು ಮುಚ್ಚಿ ಪಕ್ಕೆಗೆ ಅಂಗೈ ಒತ್ತಿದ. ಎರಡು ವರ್ಷದ ಮೇಲೆ ಅದೇ ಎದೆ, ಅದೇ ಜಾಗ. ಬಡಿತ, ಬಡಿತ, ಬಡಿತ. "ಈಗ," ಅಂದ.

"ಬರೋಬ್ಬರಿ," ಅಂದರು ಡಾಕ್ಟರು ಕಾಗದದ ಮೇಲೆ ಬೆರಳಿಟ್ಟು. "ಶಾಭಾಸ್! ನಿನ್ನ ಕೈ ಖರೇ ಹೇಳ್ತದ."

ಆ ಗಳಿಗೆಯಲ್ಲಿ ಮರಿಲಿಂಗಪ್ಪನ ಮೈ ಹಗುರಾಯಿತು. ಹೈದರಾಬಾದಿನ ಯಂತ್ರ, ಕಲಿತ ಡಾಕ್ಟರು, ಇಬ್ಬರೂ ಕೂಡಿ ಅವನ ಕೈಗೆ ಸಾಕ್ಷಿ ಹೇಳಿದ್ದರು. ಅವನು ಮಲ್ಕಪ್ಪನ ಕಡೆ ನೋಡಿದ, ಕೇಳಿಸಿಕೊಂಡೆಯಾ ಎಂಬ ಹಾಗೆ. ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ದಿನಗಳಲ್ಲಿ ಅವನಿಗೆ ಎಲ್ಲಕ್ಕಿಂತ ನಾಚಿಕೆ ತಂದದ್ದು ಆ ಸುಖವೇ.

ಡಾಕ್ಟರು ಕಾಗದ ತೋರಿಸಿದರು. "ಎದಿಯೊಳಗ ಮ್ಯಾಗಿನ ಮನಿ, ಕೆಳಗಿನ ಮನಿ ಅಂತ ಅದಾವ. ಕರೆಂಟ್ ಮ್ಯಾಗ ಹುಟ್ಟಿ ಕೆಳಗ ಇಳೀತದ. ಈ ಸಣ್ಣ ದಿಬ್ಬ ಮ್ಯಾಗಿಂದು. ಅದರ ಹಿಂದ ಬಂದ ಈ ದೊಡ್ಡ ದಿಬ್ಬ ಕೆಳಗಿಂದು, ನಿನ್ನ ಕೈಗಿ ತಾಗೋದು ಇದು. ಇಲ್ಲಿ ನೋಡು, ಸಣ್ಣದು ಬಂದದ, ದೊಡ್ಡದು ಬಂದಿಲ್ಲ. ಮ್ಯಾಗಿನವರು ಕರದಾರ, ಕೆಳಗಿನವರು ಓ ಅಂದಿಲ್ಲ."

"ಅದಕ್ಕ ಔಷಧ ಏನ್ರಿ?"

"ತಡಿ. ಇದನ್ನ ಈಗ ಓಡಸು."

"ಓಡಸಬಾರದ್ರಿ ಇದನ್ನ!"

"ಓಡಸು ಅಂದ್ನಿ."

ನೆಟ್ಟಗೆ ಓಡಲು ಮುಷ್ಕಿಗೆ ಬರಲಿಲ್ಲ. ನಾಲ್ಕು ಹೆಜ್ಜೆ ಹೋದರೆ ಎಡಕ್ಕೆ ತಿರುಗಿಬಿಡುತ್ತಿದ್ದಳು. ಕಡೆಗೆ ಗಾಣದ ಹೊರಗಡೆ ಸುತ್ತಿನಲ್ಲೇ ಓಡಿಸಿದರು. ಒಡೆದ ಗೊರಸಿನಲ್ಲಿ ಕುಂಟುತ್ತ, ತಲೆ ಎತ್ತಿ ಇಳಿಸುತ್ತ, ಹೇಗೋ ಓಡಿದಳು. ಪಕ್ಕದಲ್ಲಿ ಹಗ್ಗ ಹಿಡಿದು ಓಡಿದ ಮರಿಲಿಂಗಪ್ಪ ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು ಜೀವ ಕೈಯಲ್ಲಿ ಹಿಡಿದಿದ್ದ. ಅವಳು ಬೀಳಲಿಲ್ಲ. ನಿಲ್ಲಿಸಿದ ಕೂಡಲೇ ಡಾಕ್ಟರು ತಂತಿ ಹಚ್ಚಿದರು. ಸಣ್ಣ ದಿಬ್ಬ, ದೊಡ್ಡ ದಿಬ್ಬ, ಸಣ್ಣ ದಿಬ್ಬ, ದೊಡ್ಡ ದಿಬ್ಬ. ಬಿತ್ತಿದ ಸಾಲಿನಂತೆ ಕಾಗದ ಹೊರಬಂತು. ಒಂದೂ ತಪ್ಪಿರಲಿಲ್ಲ.

"ಈ ಎದಿಗೆ ರೋಗ ಇಲ್ಲ," ಅಂದರು ಡಾಕ್ಟರು.

ಮರಿಲಿಂಗಪ್ಪನಿಗೆ ಅರ್ಥವಾಗಲಿಲ್ಲ. "ತಪ್ಪಿತಲ್ರಿ. ನೀವೇ ಅಂದ್ರಿ."

"ನಿಂತಾಗ ತಪ್ಪತದ. ನಿಂತ ಕುದುರಿಗೆ ಅಷ್ಟು ರಕ್ತ ಯಾಕ ಬೇಕು? ಮಿದುಳಿನಿಂದ ಒಂದು ನರ ಬರ್ತದ, ಅದು ಎದಿಗೆ ಲಗಾಮು ಇದ್ದಂಗ. ಕುದುರಿ ನಿಂತಾಗ ಲಗಾಮು ಜಗ್ಗಿ ಹಿಡೀತದ, ಒಂದೊಂದು ಬಡಿತ ಬಿಟ್ಟು ಎದಿ ದಣಿವು ಆರಿಸ್ಕೋತದ. ಓಡಾಕ ಹತ್ತಿದ್ರ ಲಗಾಮು ಸಡಲ. ಖರೇ ರೋಗದ ಎದಿ ಬ್ಯಾರೆ. ಅದರಾಗ ಸಣ್ಣ ದಿಬ್ಬನೇ ಇರಂಗಿಲ್ಲ, ಬರೇ ಗೆರಿ ನಡಗತದ, ದೊಡ್ಡವು ಹೊತ್ತು ಗೊತ್ತಿಲ್ಲದಂಗ ಬರ್ತಾವ. ಎಷ್ಟು ಓಡಿಸಿದ್ರೂ ನೆಟ್ಟಗಾಗಂಗಿಲ್ಲ. ಇದು ಹಂಗಲ್ಲ. ಇದು ಛಲೋ ಎದಿ. ಗಟ್ಟಿ ಕುದುರಿಗಳಾಗೇ ಇದು ಹೆಚ್ಚು ಕಾಣ್ತದ."

ಗಟ್ಟಿ ಕುದುರೆಗಳಲ್ಲೇ. ಆ ಮಾತು ಎಲ್ಲಿ ಇಳಿಯಿತೋ ಅಲ್ಲೇ ನಿಂತಿತು.

"ಹಂಗಾದ್ರ ನಮ್ಮ ಮಾವನ ಕಾಲಕ್ಕ ಗುಡ್ಡದಾಗ ಬಿದ್ದು ಸತ್ತಿತಲ್ರಿ..." ಎಂದು ಆ ಹಳೆಯ ಕಥೆಯನ್ನೆಲ್ಲ ಹೇಳಿದ.

ಡಾಕ್ಟರು ಅದನ್ನು ಪೂರ್ತಿ ಕೇಳಿದರು. "ಅದು ಯಾಕ ಸತ್ತಿತೋ ಈಗ ಯಾರು ಹೇಳ್ತಾರ? ಒಳಗ ರಕ್ತನಾಳ ಹರದಿರಬಹುದು. ಆವತ್ತು ಮುಂಜಾನೆ ನಿಮ್ಮ ಮಾವನ ಕೈಗಿ ತಾಗಿದ್ದು ಇದೇ ನಿಂತ ಎದಿ ಇದ್ದೀತು. ಎರಡಕ್ಕೂ ಸಂಬಂಧ ಇತ್ತು ಅಂತ ಹ್ಯಾಂಗ ಅನ್ನೋದು?"

ಮಾವನ ಬೆನ್ನಿನ ಬಾಸುಂಡೆಗಳು, ಲಾಯದ ಕಟ್ಟಳೆ, ಬೆಳಗಿನ ಜಾವಗಳು, ಅಂಗಳದಲ್ಲಿ ಕಾದು ನಿಂತ ಜಾಗೀರದಾರರು, ಇವೆಲ್ಲ ಒಂದು ಸತ್ತ ಕುದುರೆಯ ಮೇಲೆ ಕಟ್ಟಿದ್ದಾಗಿತ್ತು. ಕೈ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ, ತೀರ್ಪು ಪ್ರತಿ ಸಲವೂ ಸುಳ್ಳಾಗಿತ್ತು.

"ಮನಿಗಿ ಒಯ್ಯಲೇನ್ರಿ ಇದನ್ನ? ಟಾಂಗಾಕ್ಕ ಬರ್ತದೇನ್ರಿ?"

ಡಾಕ್ಟರು ಒಂದೊಂದೇ ಗೊರಸು ಎತ್ತಿ ನೋಡಿದರು. ಕಣ್ಣ ಮುಂದೆ ಕೈ ಆಡಿಸಿದರು. "ಒಯ್ಯಿ. ಟಾಂಗಾಕ್ಕ ಬರಂಗಿಲ್ಲ. ಕಾಲು ಹೋಗ್ಯಾವ, ಕಣ್ಣೂ ಹೋದಂಗೇ. ಗೊರಸಿಗೆ ಎಣ್ಣಿ ಹಚ್ಚು. ಮುಂದಿನ ಚಳಿಗಾಲಕ್ಕ ಮತ್ತ ಬರ್ತೀನಿ, ನೋಡೋಣು. ಎದಿ ಮಾತ್ರ ಇನ್ನಾ ಹತ್ತು ವರ್ಷ ನಡೀತದ ಇದರದ್ದು."

ಮಲ್ಕಪ್ಪ ತಕರಾರು ಮಾಡಲಿಲ್ಲ. ಕುಂಟುವ ಕುದುರೆ ಅವನಿಗೂ ಸಾಕಾಗಿತ್ತು. "ಮೊದಲೇ ಈ ಡಾಕ್ಟ್ರನ್ನ ಕರಸಬೇಕಿತ್ತಲ್ಲೋ ಮಾರಾಯ," ಅಂದ. ಬೇಕೆಂದೇ ಚುಚ್ಚಿದ್ದಲ್ಲ, ಆದರೂ ಚುಚ್ಚಿತು.

ಮರಿಲಿಂಗಪ್ಪ ಜೀಪು ಹತ್ತಲಿಲ್ಲ, ಮುಷ್ಕಿಯನ್ನು ನಡೆಸಿಕೊಂಡೇ ಯಾದಗಿರಿಗೆ ಹೊರಟ. ಅವಳು ಎಡಕ್ಕೆ ಜಗ್ಗುತ್ತಿದ್ದಳು. ಅವನು ಅವಳ ಎಡಕ್ಕೆ ನಿಂತು ಭುಜ ಕೊಟ್ಟು ನೂಕುತ್ತ, ಹೆಜ್ಜೆ ಹೆಜ್ಜೆಗೂ ನೆಟ್ಟಗೆ ಮಾಡುತ್ತ ನಡೆದ. ಹಾದಿಯ ಪಕ್ಕ ಕುರಿ ಬಿಟ್ಟುಕೊಂಡಿದ್ದವನೊಬ್ಬ, "ಏನೋ ಕಾಕಾ, ನೀ ಕುದುರಿ ಒಯ್ಯಾಕತ್ತಿಯೋ, ಕುದುರಿ ನಿನ್ನ ಒಯ್ಯಾಕತ್ತದೋ?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಮರಿಲಿಂಗಪ್ಪ ಅವನ ಏಳು ತಲೆಮಾರು ಜಾಲಾಡುತ್ತಿದ್ದ. ಈಗ ಭುಜಕ್ಕೆ ಇನ್ನಷ್ಟು ಬಲ ಕೊಟ್ಟು ನಡೆದ. ಲಾಯದಿಂದ ಹೊರಗೆ ಹೋದ ಕುದುರೆಗಳು ಒಂದೊಂದಾಗಿ ನೆನಪಿಗೆ ಬಂದವು. ಹಣೆಯಲ್ಲಿ ಬಿಳಿ ಚುಕ್ಕೆ ಇದ್ದದ್ದು, ಮಕ್ಕಳು ಬಾಲ ಹಿಡಿದರೂ ಒದೆಯದೆ ಇದ್ದದ್ದು, ಮಳೆಯ ವಾಸನೆಗೆ ಕುಣಿಯುತ್ತಿದ್ದದ್ದು. ಎಲ್ಲವೂ ಗಟ್ಟಿ ಕುದುರೆಗಳು. ಭೀಮಾ ಹೊಳೆಯಲ್ಲಿ ಮುಷ್ಕಿಗೆ ನೀರು ಕುಡಿಸಿ ಮೈ ತೊಳೆದ. ಸುಣ್ಣ ಹೋಯಿತು, ಕಪ್ಪು ಬರಲಿಲ್ಲ. ಸುಟ್ಟ ಕೂದಲಿನ ಬೂದು ಬಣ್ಣವೇ ಉಳಿಯಿತು.

ಬಾಗಿಲಲ್ಲಿ ನಿಂತಿದ್ದ ಲಾಲಮ್ಮ ಕುದುರೆಯನ್ನು ನೋಡಿದಳು. ಗಂಡನನ್ನು ನೋಡಲಿಲ್ಲ. ಅವನೇ ಹೇಳಿದ: "ಎದಿಗಿ ಏನೂ ಆಗಿಲ್ಲಂತ. ನೀ ಅಂದಂಗೇ. ನಿಂತಾಗ ಸಾವಕಾಶ ಆಗ್ತದಂತ."

"ನಾ ಏನು ತಿಳಿದು ಅಂದಿದ್ದಿಲ್ರಿ," ಅಂದಳು ಲಾಲಮ್ಮ. "ಕೊಡಬಾರದು ಅಂತ ಅಂದಿದ್ನಿ." ಆಮೇಲೆ ಹಿತ್ತಲಿನಿಂದ ಅವಳು 'ಯವ್ವಾ, ಯವ್ವಾ' ಎಂದು ಕುದುರೆಯನ್ನು ಮಾತಾಡಿಸುತ್ತ ಗೊರಸಿಗೆ ಎಣ್ಣೆ ಹಚ್ಚುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಅವನು ಸಿಕಂದರನನ್ನು ಹುಡುಕಿಕೊಂಡು ಹೋದ. ಶೇರಾನ ಎದೆಗೂ ಏನೂ ಆಗಿರಲಿಕ್ಕಿಲ್ಲ ಎಂದು ಹೇಳಿದ. ಸಿಕಂದರ ಮೊದಲು ನಕ್ಕ. ಆಮೇಲೆ ಚಕ್ರದ ಕೀಲಿಗೆ ಎಣ್ಣೆ ಬಿಡುತ್ತಿದ್ದ ಕೈ ನಿಂತಿತು.

"ನೀ ಇದನ್ನ ನನಗ ಹೇಳಬಾರದಿತ್ತು ಕಾಕಾ. ರೋಗಿಷ್ಟ ಕುದುರಿ ಇತ್ತು, ಹೋತು ಅಂತ ತಿಳಕೊಂಡು ಅರಾಮಿದ್ನಿ. ಈಗ ಅದು ಎಲ್ಲಿ ಅದನೋ, ಯಾರು ಹೊಡ್ಯಾಕತ್ತಾರೋ ಅಂತ ದಿನಾ ನೆನಸ್ಲೇನು?"

ಸಿಕಂದರ ಬಹಳ ದಿನ ಅವನೊಂದಿಗೆ ಮಾತು ಬಿಟ್ಟ. ಸರದಿ ಮಾತ್ರ ತಪ್ಪಿಸಲಿಲ್ಲ. ಮರಿಲಿಂಗಪ್ಪನ ಬಾಡಿಗೆ ಬಂದರೆ ತನ್ನ ಟಾಂಗಾ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಿದ್ದ.

ಕುದುರೆಯ ಎದೆ ತೋರಿಸಲು ಯಾರಾದರೂ ಬಂದರೆ ಮರಿಲಿಂಗಪ್ಪ ಈಗ ಬೆಳಗಿನ ಜಾವ ಹೋಗುತ್ತಿರಲಿಲ್ಲ. "ಮೊದಲ ಓಡಿಸ್ಕೊಂಡು ಬಾ. ನಿಂತದ್ದನ್ನ ನಾ ನೋಡಂಗಿಲ್ಲ," ಎಂದು ಗದರುತ್ತಿದ್ದ. ಬೆವರಿನ ಮೈಗೆ ಕೈಯಿಟ್ಟು ನೋಡುತ್ತಿದ್ದ. ಹಾಗೆ ನೋಡಿದ ಮೇಲೆ ಒಂದೇ ಒಂದು ಕುದುರೆಯನ್ನೂ ಅವನು ಅಡ್ಡೆಯಿಂದ ಇಳಿಸಲಿಲ್ಲ.

ಡಾಕ್ಟರು ಮುಂದಿನ ಚಳಿಗಾಲಕ್ಕೆ ಬರಲಿಲ್ಲ. ಅಷ್ಟರಲ್ಲಿ ಹೈದರಾಬಾದು ಆಂಧ್ರಕ್ಕೆ ಹೋಗಿತ್ತು, ಯಾದಗಿರಿ ಮೈಸೂರಿಗೆ ಬಂದಿತ್ತು. ದವಾಖಾನೆ ಆ ಕಡೆ, ಕುದುರೆ ಈ ಕಡೆ. ಮೈಸೂರು ಸರ್ಕಾರದ ದನದ ಡಾಕ್ಟರಿಗೆ ಆ ಪೆಟ್ಟಿಗೆಯ ಸುದ್ದಿಯೇ ಗೊತ್ತಿರಲಿಲ್ಲ. ಗೊರಸುಗಳು ಎಣ್ಣೆಗೆ ಕೂಡಿಕೊಳ್ಳಲಿಲ್ಲ.

ಮುಷ್ಕಿ ಸಾಯಲಿಲ್ಲ. ಡಾಕ್ಟರು ಹೇಳಿದ ಹಾಗೆ ಎದೆ ನಡೆಯಿತು. ಮನೆಯಿಂದ ಸ್ಟೇಷನ್ ದೂರವಿರಲಿಲ್ಲ. ಬೊಂಬಾಯಿ ಕಡೆಯ ಗಾಡಿ ಸೀಟಿ ಹೊಡೆದರೆ, ಕಾಣದ ಕಣ್ಣಿನ ಆ ಮುದಿ ಕುದುರೆ ಕಿವಿ ನಿಮಿರಿಸಿ ಗೋಡೆ ಸವರುತ್ತ ಹಿತ್ತಲಿನಿಂದ ಬಾಗಿಲಿಗೆ ಬರುತ್ತಿತ್ತು. ಮನೆಯ ಮುಂದೆ ಟಾಂಗಾ ಕಟ್ಟುವ ಜಾಗದಲ್ಲಿ ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ನೊಗಕ್ಕೆ ಕಾಯುತ್ತ ನಿಲ್ಲುತ್ತಿತ್ತು. ಗಾಡಿ ಬಂದು, ಮಂದಿ ಇಳಿದು, ಟಾಂಗಾಗಳೆಲ್ಲ ಹೊರಟು ಹೋಗಿ, ಬೀದಿ ಖಾಲಿಯಾಗುವವರೆಗೂ ಹಾಗೆಯೇ ನಿಂತಿರುತ್ತಿತ್ತು. ಆಮೇಲೆ ಬಾಡಿಗೆ ಮುಗಿಸಿ ಬಂದ ಮರಿಲಿಂಗಪ್ಪ ಅದರ ಎಡಗಡೆ ಭುಜ ಕೊಟ್ಟು ಒಳಗೆ ತಿರುಗಿಸುತ್ತಿದ್ದ.

"ಇವತ್ತ ಬ್ಯಾಡವ್ವ," ಅನ್ನುತ್ತಿದ್ದ. "ನಾಳಿಗೆ ಹೋಗೋಣು."